ಪದಚರ್ಚೆ: ಇಂಗ್ಲೆಂಡಿನ ‘ಕ್ಲೋಸ್ ಸೀಸನ್’ – ನಿಷೇಧವೇ, ರಜೆಯೇ, ಬಿಡುವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ನದಿಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರು ವರ್ಷಕ್ಕೆ ಮೂರು ತಿಂಗಳು ಗಾಳವನ್ನು ಮೂಲೆಗಿಟ್ಟು ಏನು ಮಾಡುತ್ತಾರೆ ಎಂಬ ಬಗ್ಗೆ ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ ಲೇಖನ ಬರೆಯುತ್ತಿದ್ದೇನೆ. ಸಾಮಗ್ರಿಗೆ ಕೊರತೆಯಿಲ್ಲ, ಪದಗಳಿಗೆ ಪರದಾಟ. ಇಲ್ಲಿ ಇವರಿಗೆ ‘ಕೋರ್ಸ್ ಆಂಗ್ಲರ್’ ಎಂಬ ಹೆಸರು. ಅದನ್ನೇ ಕನ್ನಡ ಲಿಪಿಗೆ ತಂದು ಬಹುವಚನ ಹಚ್ಚಿದರೆ ‘ಕೋರ್ಸ್ ಆಂಗ್ಲರು’ ಆಗುತ್ತದೆ. ಯಾವುದೋ ತರಬೇತಿ ಮುಗಿಸಿ ಬಂದ ಇಂಗ್ಲಿಷರು ಎಂದೇ ಓದುಗರು ತಿಳಿದಾರು. ನಿಘಂಟಿನ ಅರ್ಥ ಹಿಡಿದು ‘ಒರಟು ಗಾಳದವರು’ ಎಂದರೆ ಪಾಪ, ಅವರ ನಡತೆಯ ಮೇಲೆಯೇ ಆರೋಪ ಹೊರಿಸಿದಂತೆ.

ಇಲ್ಲಿ ಒರಟೆನಿಸಿಕೊಂಡದ್ದು ಮೀನು. ಸಾಲ್ಮನ್, ಟ್ರೌಟ್‌ಗಳದ್ದು ಒಂದು ಪಂಕ್ತಿ. ರೋಚ್, ಚಬ್, ಬ್ರೀಮ್, ಪರ್ಚ್, ಪೈಕ್, ಬಾರ್ಬೆಲ್, ಗೆಂಡೆ ಎಲ್ಲ ಇನ್ನೊಂದು ಪಂಕ್ತಿ. ಮೊದಲನೆಯದು ಬಹುಕಾಲ ಜಮೀನುದಾರರ ಪಾಲಾಗಿತ್ತು, ಎರಡನೆಯದು ಕಾರ್ಖಾನೆ ಕೆಲಸಗಾರರ ಭಾನುವಾರದ ಪಾಲು. ‘ಮಾಮೂಲಿ ಮೀನು’ ಎನ್ನಬಹುದೇ? ನಾಡಕೋಳಿ, ನಾಡಹಂಚು, ನಾಡದೋಣಿಗಳ ಸಾಲಿನಲ್ಲಿ ‘ನಾಡಮೀನು’ ಎನ್ನುವ ಆಸೆಯೂ ಇದೆ. ಆದರೆ ಗೆಂಡೆ ಇಲ್ಲಿಯ ಮೂಲದ್ದಲ್ಲ, ಹೊರಗಿನಿಂದ ತಂದು ಬಿಟ್ಟದ್ದು. ಆಸೆ ಅಲ್ಲಿಗೇ ನಿಂತಿತು.

‘ಮೀನುಗಾರ’ ಪದವನ್ನು ಮಾತ್ರ ಖಂಡಿತ ಬಳಸಲಾರೆ. ಕನ್ನಡದಲ್ಲಿ ಮೀನುಗಾರನೆಂದರೆ ಅದರಿಂದ ಹೊಟ್ಟೆ ಹೊರೆಯುವವನು. ಇವರು ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಇಂಗ್ಲೆಂಡಿನ ನದಿಗಳಿಂದ ಮನೆಗೆ ಒಯ್ಯಲು ಇರುವ ಮಿತಿಯೂ ಬಿಗಿಯಾದದ್ದೇ: ಒಬ್ಬರಿಗೆ ದಿನಕ್ಕೆ 65 ಸೆಂಟಿಮೀಟರ್ ಮೀರದ ಒಂದು ಪೈಕ್, ನಿಗದಿತ ಅಳತೆಯ ಎರಡು ಗ್ರೇಲಿಂಗ್, 20 ಸೆಂಟಿಮೀಟರ್ ಒಳಗಿನ ಹದಿನೈದು ಸಣ್ಣ ಮೀನು. ಆದ್ದರಿಂದ ಸದ್ಯಕ್ಕೆ ‘ಗಾಳಗಾರ’ ಎಂದು ಬರೆದುಕೊಂಡಿದ್ದೇನೆ. ‘ಗಾಳ ಹಾಕುವುದು’ ಎಂದರೆ ಮನುಷ್ಯರನ್ನು ಬಲೆಗೆ ಬೀಳಿಸುವುದು ಎಂಬ ಅರ್ಥವೂ ಇರುವುದರಿಂದ ಸ್ವಲ್ಪ ಅಳುಕು.

ಇನ್ನು ಮುಖ್ಯ ಪದಕ್ಕೆ ಬರುತ್ತೇನೆ. ಮಾರ್ಚ್ 15ರಿಂದ ಜೂನ್ 15ರವರೆಗೆ ಇಂಗ್ಲೆಂಡಿನ ನದಿಗಳಲ್ಲಿ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಇದರ ಮೂಲ 1878ರ ಕಾಯಿದೆ. ಅದನ್ನು ತಂದವರು ಶೆಫೀಲ್ಡ್‌ನ ಸಂಸತ್ ಸದಸ್ಯ ಮನ್‌ಡೆಲ್ಲಾ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಅದನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಕಾರಣ. 1995ರಲ್ಲಿ ಹೆಚ್ಚಿನ ಕೆರೆಕೊಳಗಳಿಗೂ 2000ದಲ್ಲಿ ಬಹುತೇಕ ಕಾಲುವೆಗಳಿಗೂ ಇದರಿಂದ ವಿನಾಯಿತಿ ಸಿಕ್ಕಿತು. ನದಿಗಳ ಮಟ್ಟಿಗೆ 2019ರಲ್ಲಿ ಪರಿಸರ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳಿ, ಇದ್ದದ್ದು ಇದ್ದಂತೆಯೇ ಇರಲಿ ಎಂದು ತೀರ್ಮಾನಿಸಿತು. ಸ್ಕಾಟ್ಲೆಂಡಿನಲ್ಲಿ ಇಂಥ ಕಾಯಿದೆಯೇ ಇಲ್ಲ. ಬಾರ್ಬೆಲ್‌ಗಳಂತೂ ಕ್ಯಾಲೆಂಡರ್ ನೋಡುವುದಿಲ್ಲ, ನೀರು ಬೆಚ್ಚಗಾಗುವುದು ತಡವಾದರೆ ಜೂನ್ 16 ಕಳೆದ ಮೇಲೂ ಮೊಟ್ಟೆಯಿಡುತ್ತಿರುತ್ತವೆ. ದಿನಾಂಕದ ಬಗ್ಗೆ ಗಾಳಗಾರರಲ್ಲೇ ಎರಡು ಪಂಗಡಗಳಿರುವುದು ಇದಕ್ಕೇ.

ಈ ಮೂರು ತಿಂಗಳಿಗೆ ‘ನಿಷೇಧಾವಧಿ’ ಎಂದರೆ ಕಾನೂನಿನ ಅರ್ಥವೇನೋ ಬರುತ್ತದೆ, ಬದುಕಿನ ಅರ್ಥ ಬರುವುದಿಲ್ಲ. ‘ರಜೆ’ ಎಂದರೆ ಸುಳ್ಳೇ ಆಗುತ್ತದೆ. ಏಕೆಂದು ತಿಳಿಯಲು ಇವರು ಮಾಡುವ ಕೆಲಸಗಳನ್ನು ನೋಡಬೇಕು.

ಕೆಲವರು ಸೀದಾ ಕೆರೆಗೆ ಹೋಗಿ ಗೆಂಡೆಗೋ ಟೆಂಚ್‌ಗೋ ಕುಳಿತುಕೊಳ್ಳುತ್ತಾರೆ. ಇನ್ನು ಕೆಲವರು ಟ್ರೌಟ್ ಕಡೆಗೋ ಕಡಲ ಕಡೆಗೋ ತಿರುಗುತ್ತಾರೆ. ಹಳೆಯ ಸಂಪ್ರದಾಯದವರು ಮಾತ್ರ, ಕಾಯಿದೆ ಬಿಟ್ಟರೂ ಮನಸ್ಸು ಒಪ್ಪದು ಎಂದು ಕೆರೆಯಲ್ಲೂ ಗಾಳ ಇಳಿಸುವುದಿಲ್ಲ. ನನಗೆ ಹೆಚ್ಚು ಇಷ್ಟವಾದವರು ಇವರೇ. ಕೋಲು ಕೈಯಲ್ಲಿಲ್ಲದಿದ್ದರೂ ನದಿಯ ದಾರಿ ಬಿಟ್ಟವರಲ್ಲ. ನೀರಿನ ಮೇಲಿನ ಹೊಳಪನ್ನು ಕತ್ತರಿಸುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ದಡದುದ್ದಕ್ಕೂ ನಡೆದು, ಎಲ್ಲಿ ಹರಳುಗಲ್ಲಿನ ತಳವಿದೆ, ಚಳಿಗಾಲದ ಪ್ರವಾಹಕ್ಕೆ ಯಾವ ಮರ ಉರುಳಿ ಹೊಸ ಮಡು ಆಗಿದೆ ಎಂದು ಗುರುತು ಮಾಡಿಕೊಳ್ಳುತ್ತಾರೆ. ಮೊಟ್ಟೆಯಿಡುವ ಕಾಲದಲ್ಲಿ ಗಂಡು ರೋಚ್‌ನ ತಲೆ ಮತ್ತು ಮೈಮೇಲೆ ಬಿಳಿಯ ಸಣ್ಣ ಗಂಟುಗಳೆದ್ದು ಉಪ್ಪುಕಾಗದದಂತೆ ತರಿತರಿಯಾಗುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಇಂಥವರೊಬ್ಬರೇ. ಆ ಗಂಟುಗಳಿಗೆ ಕನ್ನಡದಲ್ಲಿ ಏನೆನ್ನುತ್ತಾರೆ? ಗೆಂಡೆ ಜಾತಿಯ ಮೀನುಗಳನ್ನು ಬಲ್ಲವರಿದ್ದರೆ ತಿಳಿಸಿ.

ಇನ್ನೊಂದು ಕೆಲಸವಂತೂ ಅಪ್ಪಟ ಎಣಿಕೆಯದು. ನದಿಗಿಳಿದು, ಹರಿವಿಗೆ ಎದುರಾಗಿ ಕೈಬಲೆ ಹಿಡಿದು, ಅದರ ಮುಂದೆ ಮೂರು ನಿಮಿಷ ಕಾಲಿನಿಂದ ತಳದ ಕಲ್ಲು ಕೆದಕುವುದು. ಬಲೆಗೆ ಬಂದದ್ದನ್ನು ಬಿಳಿ ಟ್ರೇಗೆ ಸುರಿದು ಹುಳುಗಳನ್ನು ಎಂಟು ಗುಂಪುಗಳಾಗಿ ವಿಂಗಡಿಸಿ ಲೆಕ್ಕ ಹಾಕುವುದು. ಅಂಕ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಎಲ್ಲೋ ಕೊಳಚೆ ಸೇರಿದೆ ಎಂಬ ಅನುಮಾನ, ಕೂಡಲೇ ಪರಿಸರ ಇಲಾಖೆಗೆ ಸುದ್ದಿ. ಇದು ವರ್ಷವಿಡೀ ನಡೆಯುವ ಕೆಲಸವಾದರೂ ವಸಂತದಲ್ಲಿ ಕೈಗಳು ಹೆಚ್ಚು ಸಿಗುತ್ತವೆ. ಟ್ರೇಯಲ್ಲಿ ಕಾಣುವ ಕ್ಯಾಡಿಸ್ ಎಂಬ ಹುಳು, ಮರಳು ಮತ್ತು ಕಡ್ಡಿಚೂರುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಮೈಗೊಂದು ಕೊಳವೆ ಕಟ್ಟಿಕೊಂಡು ಅದನ್ನೂ ಎಳೆದುಕೊಂಡೇ ಓಡಾಡುತ್ತದೆ. ಮಲೆನಾಡಿನ ಹಳ್ಳಗಳಲ್ಲಿಯೂ ಇದರ ಬಂಧುಗಳಿವೆ. ಹಳ್ಳದಲ್ಲಿ ಆಡಿ ಬೆಳೆದವರು ಇದನ್ನು ಏನೆಂದು ಕರೆಯುತ್ತಿದ್ದಿರಿ?

ಕ್ಲಬ್ಬಿನವರು ಒಟ್ಟಾಗಿ ದಡದ ಕೆಲಸಕ್ಕಿಳಿಯುವುದಕ್ಕೆ ‘ಶ್ರಮದಾನ’ ಎಂಬ ಸಿದ್ಧ ಪದವೇ ಇದೆ, ಅಲ್ಲಿ ತೊಡಕಿಲ್ಲ. ಕುಸಿದ ಮೆಟ್ಟಿಲು ಸರಿಪಡಿಸುವುದು, ಪ್ಲಾಸ್ಟಿಕ್ ಹೆಕ್ಕುವುದು, ಬಾಲ್ಸಮ್ ಕೀಳುವುದು. ಮರ ಕಡಿಯುವ ದೊಡ್ಡ ಕೆಲಸಕ್ಕೆ ಕೈಹಾಕುವುದಿಲ್ಲ, ಅದು ಹಕ್ಕಿಗಳು ಗೂಡು ಕಟ್ಟುವ ಕಾಲ. ಈ ಬಾಲ್ಸಮ್ ಹಿಮಾಲಯದಿಂದ 1839ರಲ್ಲಿ ಅಲಂಕಾರಕ್ಕೆಂದು ತಂದ ಗಿಡ, ನಮ್ಮ ಕಡೆ ಕರ್ಣಕುಂಡಲ ಎನ್ನುವ ಗಿಡದ ದಾಯಾದಿ. ಮಾಗಿದ ಕಾಯಿ ಮುಟ್ಟಿದರೆ ಸಿಡಿದು ಬೀಜ ಏಳು ಮೀಟರ್‌ವರೆಗೂ ಹಾರುತ್ತದೆ. ಚಳಿಗಾಲಕ್ಕೆ ಗಿಡ ಸತ್ತು ದಡ ಬೋಳಾಗಿ ಮಣ್ಣು ನದಿಗಿಳಿಯುತ್ತದೆ, ಮೀನು ಮೊಟ್ಟೆಯಿಡುವ ಹರಳುಗಲ್ಲಿನ ಸಂದುಗಳಲ್ಲಿ ಕೆಸರು ತುಂಬುತ್ತದೆ. ಹಾಗಾಗಿ ಬೀಜ ಕಟ್ಟುವ ಮೊದಲೇ ಕೀಳಬೇಕು.

ಮನೆಯೊಳಗಿನ ಕೆಲಸವೂ ಉಂಟು. ರೀಲ್ ಬಿಚ್ಚಿ ಗ್ರೀಸ್ ಹಚ್ಚುವುದು, ಹಳೆಯ ದಾರ ತೆಗೆದು ಹೊಸದು ಸುತ್ತುವುದು, ಬೆಂಡು ಮಾಡುವುದು. ಇಲ್ಲಿನ ‘ಫ್ಲೋಟ್’ಗೆ ನಮ್ಮ ‘ಬೆಂಡು’ ಸೊಗಸಾಗಿ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ನವಿಲುಗರಿಯ ದಂಟನ್ನು ಎಳೆಗಳಿಂದ ಬಿಡಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಬುಡಕ್ಕೊಂದು ತಂತಿಯ ಉಂಗುರವಿಟ್ಟು ನೂಲಿನಿಂದ ಒತ್ತಾಗಿ ಸುತ್ತುತ್ತಾರೆ. ತುದಿಗೆ ಕಿತ್ತಳೆ ಬಣ್ಣ, ಮೇಲೆ ವಾರ್ನಿಷ್. ಆಮೇಲೆ ನೀರು ತುಂಬಿದ ಉದ್ದನೆಯ ಪಾತ್ರೆಯಲ್ಲಿ ಇಳಿಬಿಟ್ಟು, ಬಣ್ಣದ ತುದಿಯಷ್ಟೇ ಮೇಲೆ ಕಾಣುವವರೆಗೆ ದಾರಕ್ಕೆ ಭಾರದ ಸಣ್ಣ ಗುಂಡುಗಳನ್ನು ಕಚ್ಚಿಸುತ್ತಾ ಹೋಗುತ್ತಾರೆ. ಈ ಗುಂಡುಗಳು ಸೀಸದವಾಗಿದ್ದಾಗ ಹಂಸಗಳು ನುಂಗಿ ಸಾಯುತ್ತಿದ್ದವು. ಅದಕ್ಕೆಂದೇ ಸೀಸದ ಬಹುತೇಕ ಅಳತೆಗಳನ್ನು 1987ರಲ್ಲಿ ನಿಷೇಧಿಸಿದರು. ‘ಗುಂಡು’ ಎಂದಷ್ಟೇ ಬರೆದರೆ ಬಂದೂಕಿನದೆಂದು ಓದುಗರು ತಿಳಿದಾರು. ಬಲೆಗೆ ಕಟ್ಟುವ ಭಾರಕ್ಕೆ ಕರಾವಳಿಯಲ್ಲಿ ಬಳಸುವ ಪದ ಇಲ್ಲಿಗೆ ಹೊಂದೀತೇ?

ನಮ್ಮಲ್ಲಿ ಇದಕ್ಕೆ ಸಮೀಪದ್ದು ಜೂನ್ 1ರಿಂದ ಜುಲೈ 31ರವರೆಗಿನ ಕರಾವಳಿಯ ಯಾಂತ್ರಿಕ ದೋಣಿಗಳ ನಿಷೇಧ. ಪತ್ರಿಕೆಗಳಲ್ಲಿ ‘ಮೀನುಗಾರಿಕೆ ರಜೆ’ ಎಂಬ ಬಳಕೆಯೂ ಇದೆ, ಆಗ ಬಲೆ ಹೆಣೆಯುವವರಿಗೆ ರಜೆಯೇ ಇರುವುದಿಲ್ಲ ಎನ್ನುವುದು ಬೇರೆ ಮಾತು. ಹೊಳೆಯ ವಿಷಯಕ್ಕೆ ಬಂದರೆ ನಮ್ಮ ಮಲೆನಾಡಿನ ರೂಢಿ ಇಂಗ್ಲೆಂಡಿಗೆ ತದ್ವಿರುದ್ಧ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹಳ್ಳ, ಗದ್ದೆಗಳಿಗೆ ಏರಿ ಬರುವ ‘ಹತ್ತುಮೀನ’ನ್ನು ಕಾದು ಕೂತು ಹಿಡಿಯುವುದೇ ಸಂಭ್ರಮ. ಮೀನನ್ನು ಮುಟ್ಟದೆ ಬಿಡುವ ಪದ್ಧತಿ ನಮಗೆ ಗೊತ್ತಿಲ್ಲವೆಂದಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ‘ದೇವರ ಮೀನು’ ವರ್ಷವಿಡೀ ಕ್ಷೇಮ. ಆದರೆ ಅದು ಜಾಗಕ್ಕೆ ಕಟ್ಟಿದ ಕಟ್ಟು, ಕಾಲಕ್ಕೆ ಕಟ್ಟಿದ್ದಲ್ಲ. ನನಗೆ ಬೇಕಾಗಿರುವುದು ಕಾಲದ ಪದ.

‘ನದಿಬಿಡುವು’ ಎಂದು ಬರೆದರೆ ಹೇಗೆ? ಬಿಡುವು ಸಿಗುವುದು ನದಿಗೆ, ಗಾಳಗಾರನಿಗಲ್ಲ ಎನ್ನುವುದು ಅದರಲ್ಲಿ ತಾನಾಗಿ ಬರುತ್ತದೆ ಎಂದು ನನ್ನ ವಾದ. ನನ್ನಾಕೆಯ ತಕರಾರು ಬೇರೆ: ಅದು ಕೇಳಲು ಹೊಳೆಯ ಕವಲಿನ ಹೆಸರಿನಂತಿದೆಯಂತೆ, ‘ಮೊಟ್ಟೆಗಾಲ’ ಎಂದರೆ ಸಾಕಂತೆ. ಮೊಟ್ಟೆಗಾಲವೆಂದರೆ ಕಾರಣ ತಿಳಿಯುತ್ತದೆ, ಕಟ್ಟು ತಿಳಿಯುವುದಿಲ್ಲ ಎಂದು ನಾನು.

ತುಂಗಭದ್ರೆ, ಕೃಷ್ಣೆ, ಕಾಳಿ ತೀರದ ಬೆಸ್ತರ, ಅಂಬಿಗರ ಮಾತಿನಲ್ಲಿ ಬಲೆ ಇಳಿಸದ ದಿನಗಳಿಗೆ ಬೇರೆಯೇ ಹೆಸರಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ. ಗಾಳಗಾರ ದಡದಲ್ಲಿ ಹಿಡಿದು ಕೂರುವ ಜಾಗಕ್ಕೂ ಒಂದು ಪದ ಬೇಕು. ಇಲ್ಲಿ ಅದನ್ನು ‘ಸ್ವಿಮ್’ ಎನ್ನುತ್ತಾರೆ, ಈಜಿಗೂ ಅದಕ್ಕೂ ಸಂಬಂಧವಿಲ್ಲ. ಲೇಖನ ಜೂನ್ 16ರ ಮೊದಲು ಸಂಪಾದಕರ ಕೈ ಸೇರಬೇಕಾಗಿದೆ.