ಲೋಗೋ ಸ್ಕ್ರಿಪ್ಟ್ ಒಳಗೇ ಇರಬೇಕಾ, ಕೊನೆಗೆ ಅಂಟಿಸಿದರೆ ಸಾಕಾ?

ಗೆರೆಬಿಂದು:
ಸ್ಕ್ರಿಪ್ಟ್ ಬರೆದು ನಕ್ಷೆ ಮಾಡುವ ಟೂಲ್ ಜಿಎಂಟಿಯಲ್ಲಿ ನಕ್ಷೆ ಮಾಡುತ್ತಿದ್ದೇನೆ. ಕೆಳಗಿನ ಬಲಮೂಲೆಗೆ ನಮ್ಮ ತಂಡದ ಲೋಗೋ ಬೇಕು. ‘ಲೋಗೋ’ ಕಮಾಂಡ್ ಕೊಟ್ಟರೆ ಜಿಎಂಟಿಯದೇ ಲೋಗೋ ಬಂದು ಕೂರುತ್ತದೆ. ಸುಮ್ನೆ ಪಿಎನ್‌ಜಿ ತೆಗೆದು ಚಿತ್ರ ತಿದ್ದುವ ಟೂಲ್ ಇಮೇಜ್‌ಮ್ಯಾಜಿಕ್‌ನಲ್ಲಿ ಲೋಗೋ ಅಂಟಿಸಿಬಿಡಲಾ?

ಪಟಗಾರ:
ಅಂಟಿಸಿ. ಮೊದಲು ನಕ್ಷೆ, ಆಮೇಲೆ ಲೋಗೋ, ಗ್ರಾವಿಟಿ ಸೌತ್‌ಈಸ್ಟ್ (ಅಂದರೆ ಕೆಳಗಿನ ಬಲಮೂಲೆ), ಅಂಚಿನಿಂದ ದೂರಕ್ಕೆ ಜಿಯೊಮೆಟ್ರಿಯಲ್ಲಿ ಎರಡೂ ಕಡೆ 40 ಪಿಕ್ಸೆಲ್, ಕೊನೆಗೆ ಎರಡನ್ನೂ ಸೇರಿಸುವ ಕಾಂಪೊಸಿಟ್. ಒಂದೇ ಸಾಲಿನ ಕೆಲಸ. ನೂರು ಚಿತ್ರ ಇದ್ದರೂ ಒಂದು ಲೂಪ್ ಸಾಕು. ಚಿತ್ರ ಯಾವ ಟೂಲ್‌ನಿಂದ ಬಂತು ಅಂತ ಅದು ಕೇಳುವುದೂ ಇಲ್ಲ.

ಅಕ್ಷಾಂಶ:
ದಯವಿಟ್ಟು ಹಾಗೆ ಮಾಡಬೇಡಿ. ‘ಲೋಗೋ’ ಇರುವುದು ಜಿಎಂಟಿಯ ಗುರುತಿಗೆ ಮಾತ್ರ, ನಿಮ್ಮದಕ್ಕೆ ‘ಇಮೇಜ್’ ಕಮಾಂಡ್ ಇದೆ. ಮೈನಸ್ ಡಿ ಆಯ್ಕೆಗೆ ಚಿಕ್ಕ ಜೆ, ಅದಕ್ಕೆ ಅಂಟಿಕೊಂಡೇ ಬಿಆರ್ (ಬಾಟಮ್ ರೈಟ್) ಬರೆದರೆ ಚೌಕಟ್ಟಿನ ಒಳಗೆ ಕೆಳಗಿನ ಬಲಮೂಲೆ. ಪ್ಲಸ್ ಡಬ್ಲ್ಯೂಗೆ ಅಗಲ, ಪ್ಲಸ್ ಓಗೆ ಅಂಚಿನಿಂದ ದೂರ, ಎರಡೂ ಸೆಂಟಿಮೀಟರ್‌ನಲ್ಲಿ. ಈ ಸೆಂಟಿಮೀಟರ್ ಲೆಕ್ಕವೇ ಇಲ್ಲಿ ಮುಖ್ಯ. 400 ಪಿಕ್ಸೆಲ್ ಲೋಗೋ 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ನಕ್ಷೆಯಲ್ಲಿ ಸುಮಾರು 3.4 ಸೆಂ.ಮೀ. ಕಾಣುತ್ತದೆ, ಅದೇ ನಕ್ಷೆಯನ್ನು ಅಚ್ಚಿಗೆ ಅಂತ 600ರಲ್ಲಿ ತೆಗೆದರೆ 1.7ಕ್ಕೆ ಇಳಿಯುತ್ತದೆ, ಅಂಚಿನ ಜಾಗವೂ ಅರ್ಧ ಆಗುತ್ತದೆ. ಒಂದು ವರದಿಯ ಅಷ್ಟೂ ಚಿತ್ರಗಳನ್ನು ಇದೇ ಕಾರಣಕ್ಕೆ ನಾನು ಮತ್ತೆ ಮಾಡಬೇಕಾಯಿತು.

ಪಟಗಾರ:
ಲೋಗೋವನ್ನು ನಕ್ಷೆಯ ಅಗಲದ ಇಷ್ಟು ಭಾಗ ಅಂತ ಸ್ಕ್ರಿಪ್ಟ್‌ನಲ್ಲೇ ಲೆಕ್ಕ ಹಾಕಿದರೆ ಆ ತೊಂದರೆ ಬರುವುದಿಲ್ಲ ಅಲ್ವಾ? ಅದಿರಲಿ, ನೆರಳಿರುವ ಪಿಎನ್‌ಜಿ ಲೋಗೋಗೆ ಏನು ಮಾಡುತ್ತೀರಿ? ಜಿಎಂಟಿ ಒಳಗೊಳಗೆ ಬರೆಯುವುದು ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಪುಟ ವಿವರಿಸುವ ಭಾಷೆ, ಆ ಭಾಷೆಯಲ್ಲಿ ಅರೆಪಾರದರ್ಶಕ ಅನ್ನುವುದೇ ಇಲ್ಲ. ಇಮೇಜ್‌ಮ್ಯಾಜಿಕ್ ಯಾವ ಪಿಕ್ಸೆಲ್ ಎಷ್ಟು ಪಾರದರ್ಶಕ ಅಂತ ಹೇಳುವ ಆಲ್ಫಾ ಚಾನೆಲ್ ನೋಡಿಕೊಂಡು ಕೆಳಗಿನ ಬಣ್ಣದ ಜೊತೆ ಚೆನ್ನಾಗಿ ಬೆರೆಸುತ್ತದೆ.

ಅಕ್ಷಾಂಶ:
ಈ ಮಾತು ಒಪ್ಪುತ್ತೇನೆ. ಅದಕ್ಕೇ ಲೋಗೋ ಮಾಡಿದವರ ಹತ್ತಿರ ನೆರಳಿಲ್ಲದ, ಪಿಕ್ಸೆಲ್ ಬದಲು ಗೆರೆಗಳಲ್ಲಿ ಬರೆದ ಇಪಿಎಸ್ ಫೈಲ್ ಕೇಳಿ ಅನ್ನುವುದು. ಇಮೇಜ್ ಕಮಾಂಡ್ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಪಿಡಿಎಫ್‌ನಲ್ಲಿ ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಅದೇ ಪಿಡಿಎಫ್ ನಕ್ಷೆಯನ್ನು ಇಮೇಜ್‌ಮ್ಯಾಜಿಕ್‌ಗೆ ಕೊಟ್ಟು ನೋಡಿ. ಇಡೀ ನಕ್ಷೆ ಪಿಕ್ಸೆಲ್ ಆಗುತ್ತದೆ, ಡೆನ್ಸಿಟಿ ಹೇಳದಿದ್ದರೆ ಅದೂ 72 ಡಿಪಿಐನಲ್ಲಿ. ಒಂದು ಲೋಗೋಗೋಸ್ಕರ ಊರಿನ ಹೆಸರುಗಳೆಲ್ಲ ಮಸುಕಾದರೆ ನಕ್ಷೆ ಯಾಕೆ ಬೇಕು?

ಮೂಲೆಚುಕ್ಕಿ:
ಇಬ್ಬರೂ ಲೋಗೋವನ್ನು ಡೇಟಾ ಮೇಲೇ ಕೂರಿಸುತ್ತಿದ್ದೀರಿ. ಆ ಮೂಲೆಯಲ್ಲಿ ನಾಲ್ಕು ಬಿಂದು ಇದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಇದು ಡಿಪಿಐಗಿಂತ ಜಾಸ್ತಿ ದೊಡ್ಡ ವಿಷಯ. ಚಿಕ್ಕ ಜೆ ಬದಲು ದೊಡ್ಡ ಜೆ ಕೊಟ್ಟರೆ ಲೋಗೋ ಚೌಕಟ್ಟಿನ ಹೊರಗೆ ಹೋಗುತ್ತದೆ. ಆಗ ಬಿಆರ್ ಬೇಡ, ಮೂಲೆಯಿಂದ ಓರೆಯಾಗಿ ಆಚೆ ಜಾರುತ್ತದೆ. ಬಿ-ಸಿ (ಬಾಟಮ್ ಸೆಂಟರ್) ಕೊಡಿ, ಅಕ್ಷದ ಅಂಕಿಗಳಿಗೆ ತಾಗದಷ್ಟು ದೂರ ಬಿಡಿ. ಇಮೇಜ್‌ಮ್ಯಾಜಿಕ್‌ನಲ್ಲಾದರೆ ಸ್ಪ್ಲೈಸ್ ಬಳಸಿ ಮೊದಲು ಕೆಳಗೊಂದು ಬಿಳಿ ಪಟ್ಟಿ ಸೇರಿಸಿ.

ಪಟಗಾರ:
ಇದು ನನಗೆ ಹೊಳೆದಿರಲಿಲ್ಲ. ನನ್ನ ಲೂಪ್‌ಗೆ ಇವತ್ತೇ ಸ್ಪ್ಲೈಸ್ ಹಾಕುತ್ತೇನೆ.

ಗೆರೆಬಿಂದು:
ಇಮೇಜ್ ಕಮಾಂಡ್ ಮಾಡಿ ನೋಡಿದೆ. ಮೊದಲ ಸಲ ಲೋಗೋ ಕಾಣಲೇ ಇಲ್ಲ. ಅದನ್ನು ಮೊದಲೇ ಬರೆದಿದ್ದೆ, ಆಮೇಲೆ ಬಂದ ನೆಲದ ಬಣ್ಣ ಅದರ ಮೇಲೇ ಬಿದ್ದಿತ್ತು. ಕೊನೆಯ ಎಂಡ್ ಸಾಲಿನ ಸ್ವಲ್ಪ ಮುಂಚೆ ಇಟ್ಟ ಮೇಲೆ ಸರಿಯಾಯಿತು. ಮೂಲೆಯಲ್ಲಿ ನಿಜವಾಗಿಯೂ ಎರಡು ಬಿಂದು ಮುಚ್ಚಿಹೋಗಿದ್ದವು, ಹಾಗಾಗಿ ಈಗ ಹೊರಗೆ ಹಾಕಿದ್ದೇನೆ. ಇಪಿಎಸ್ ಕೇಳಿ ಮೇಲ್ ಕಳಿಸಿದ್ದೇನೆ, ಬರುವವರೆಗೆ ನೆರಳಿಲ್ಲದ ಪಿಎನ್‌ಜಿಯೇ ಇರಲಿ.