ಬ್ರಿಸ್ಬೇನ್‌ನಿಂದ ಕೇರ್ನ್ಸ್‌ವರೆಗೆ ಒಂದೇ ಕಾರಲ್ಲಿ ಇಬ್ಬರು: 462 ವೀಸಾದಲ್ಲಿ ದುಡಿಯುತ್ತ ಸುತ್ತುವುದು ಹೇಗೆ?

ಮುಂಗಾರು_ಜೋಡಿ ಕೇಳಿದ್ದು:

ಗಂಡ ಹೆಂಡತಿ ಇಬ್ಬರೂ ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾಕ್ಕೆ (462) ಪ್ರಯತ್ನಿಸುತ್ತಿದ್ದೇವೆ. ವಯಸ್ಸು 28 ಮತ್ತು 29, ಇಬ್ಬರದೂ ಡಿಗ್ರಿ ಆಗಿದೆ. ಬ್ರಿಸ್ಬೇನ್‌ನಲ್ಲಿ ಹಳೇ ಕಾರು ಕೊಂಡು ಕ್ವೀನ್ಸ್‌ಲ್ಯಾಂಡ್ ಕರಾವಳಿ ಹಿಡಿದು ಉತ್ತರಕ್ಕೆ ಹೋಗುವುದು, ದಾರಿಯಲ್ಲಿ ತೋಟದ ಕೆಲಸವೋ ಕೆಫೆ ಕೆಲಸವೋ ಮಾಡಿ ಎರಡನೇ ವರ್ಷದ ವೀಸಾಕ್ಕೆ ಬೇಕಾದ 88 ದಿನ ಮುಗಿಸುವುದು ಎಂಬುದು ಯೋಜನೆ. ಯಾವ ತಿಂಗಳು ಹೊರಡಬೇಕು? ಕೆಲಸ ಎಲ್ಲಿ ಸಿಗುತ್ತದೆ? ಕಾರು ಕೊಳ್ಳುವಾಗ ಏನು ನೋಡಬೇಕು?

ತೆಂಕಣಗಾಳಿ:

ದಾರಿಯ ಮಾತಿಗಿಂತ ಮೊದಲು ವೀಸಾದ ಮಾತು. ಈ ವೀಸಾದಲ್ಲಿ 'ಜೋಡಿ' ಎಂಬುದೇ ಇಲ್ಲ. ಒಬ್ಬರ ಅರ್ಜಿಗೆ ಇನ್ನೊಬ್ಬರನ್ನು ಸೇರಿಸಲಾಗದು. ಭಾರತೀಯರಿಗೆ ವರ್ಷಕ್ಕೆ 1,000 ಜಾಗ, ಆಯ್ಕೆ ಲಾಟರಿಯಲ್ಲಿ. ಇಬ್ಬರೂ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಕೊಟ್ಟು, 25 ಡಾಲರ್ ಕಟ್ಟಿ ಬೇರೆಬೇರೆಯಾಗಿಯೇ ನೋಂದಾಯಿಸಬೇಕು. ಹೆಸರು ಬಂದ ಮೇಲೆ ಅರ್ಜಿ ಹಾಕಲು 28 ದಿನ ಮಾತ್ರ. ಹಾಗಾಗಿ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ, ತಲಾ 5,000 ಡಾಲರ್ ಇರುವ ಬ್ಯಾಂಕ್ ದಾಖಲೆ, ಪದವಿ ಪ್ರಮಾಣಪತ್ರ ಮೊದಲೇ ಕೈಯಲ್ಲಿರಲಿ. ಒಬ್ಬರ ಹೆಸರು ಮಾತ್ರ ಬಂದರೆ ಇನ್ನೊಬ್ಬರು ಪ್ರವಾಸಿ ವೀಸಾದಲ್ಲಿ ಜೊತೆಗೆ ಬರಬಹುದು, ಆದರೆ ಒಂದು ದಿನದ ಕೂಲಿಯನ್ನೂ ಮಾಡುವಂತಿಲ್ಲ. ಆಗ ಖರ್ಚು ಇಬ್ಬರದು, ಸಂಪಾದನೆ ಒಬ್ಬರದು. ಈ ಲೆಕ್ಕವನ್ನೂ ಹಾಕಿಟ್ಟುಕೊಳ್ಳಿ. ವಯಸ್ಸಿನ ಮಿತಿ 30, ಹಾಗಾಗಿ ಮುಂದೂಡಲು ನಿಮಗೆ ಹೆಚ್ಚು ವರ್ಷಗಳಿಲ್ಲ.

ಬಾಳೆಗೊನೆ:

88 ದಿನದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕೆಲಸ ಯಾವುದು ಎಂಬುದರಷ್ಟೇ ಅದು ಯಾವ ಪೋಸ್ಟ್‌ಕೋಡ್‌ನಲ್ಲಿ ಎಂಬುದೂ ಮುಖ್ಯ. ತೋಟದ ಕೆಲಸ ಬಂಡಬರ್ಗ್‌ನಲ್ಲಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಕೆಫೆ, ಹೋಟೆಲ್ ಕೆಲಸ ಹಾಗಲ್ಲ. ಈ ಕರಾವಳಿಯಲ್ಲಿ ಅದು ಲೆಕ್ಕಕ್ಕೆ ಬರುವುದು ಸ್ಥೂಲವಾಗಿ ಮಕರ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕೆ, ಅಂದರೆ ರಾಕ್‌ಹ್ಯಾಂಪ್ಟನ್ ಆಸುಪಾಸಿನಿಂದ ಮೇಲಕ್ಕೆ. ಹರ್ವೀ ಬೇಯಲ್ಲಿ ಮೂರು ತಿಂಗಳು ಕಾಫಿ ಕೊಟ್ಟವರಿಗೆ ಸಂಬಳ ಸಿಗುತ್ತದೆ, ಎರಡನೇ ವೀಸಾ ಸಿಗುವುದಿಲ್ಲ. ಅದೇ ಕೆಲಸ ಏರ್ಲಿ ಬೀಚ್‌ನಲ್ಲಿ ಮಾಡಿದರೆ ಸಿಗುತ್ತದೆ. ನೋಡಬೇಕಾದದ್ದು ನೀವು ನಿಂತು ದುಡಿದ ಜಾಗದ ಪೋಸ್ಟ್‌ಕೋಡ್, ಕಂಪನಿಯ ಕಚೇರಿಯದ್ದಲ್ಲ. ಸೇರುವ ದಿನವೇ ಗೃಹ ಇಲಾಖೆಯ ಜಾಲತಾಣದ ಪಟ್ಟಿಯೊಂದಿಗೆ ಹೋಲಿಸಿ.

ಆ ಕೆಲಸಕ್ಕೆ ಅಲ್ಲಿ ರೂಢಿಯಲ್ಲಿರುವಷ್ಟು ಪೂರ್ಣಾವಧಿ, ವಾರಕ್ಕೆ 5 ದಿನ ದುಡಿದರೆ ರಜೆಯ ದಿನಗಳೂ ಸೇರಿ 7 ಎಂದು ಲೆಕ್ಕ. ಮಳೆ ಬಂದು ವಾರಕ್ಕೆ ಮೂರೇ ದಿನ ಕೆಲಸ ಸಿಕ್ಕರೆ ಮೂರೇ ದಿನ. ಎಲ್ಲ ಪೇಸ್ಲಿಪ್, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಕೈಗೆ ನಗದು ಕೊಡುವವನ ಹತ್ತಿರ ಕೆಲಸಕ್ಕೆ ಹೋಗಬೇಡಿ, ಆ ದಿನಗಳನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಈಗ ದಾರಿ. ಬ್ರೂಸ್ ಹೆದ್ದಾರಿ ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಸುಮಾರು 1,700 ಕಿ.ಮೀ., ಮಂಗಳೂರಿನಿಂದ ಕಾರವಾರಕ್ಕೆ ಆರು ಸಲ ಹೋದಷ್ಟು. ಏಪ್ರಿಲ್‌ನಲ್ಲಿ ಬ್ರಿಸ್ಬೇನ್‌ಗೆ ಇಳಿದು ಕಾರು, ಟ್ಯಾಕ್ಸ್ ಫೈಲ್ ನಂಬರ್, ಬ್ಯಾಂಕ್ ಖಾತೆ ಮುಗಿಸಿಕೊಂಡು ಮೇ ಹೊತ್ತಿಗೆ ಬೋವನ್ ಸೇರಿ. ಅಲ್ಲಿ ಟೊಮೇಟೊ, ದೊಣ್ಣೆಮೆಣಸಿನಕಾಯಿ ಸುಗ್ಗಿ ಮೇಯಿಂದ ನವೆಂಬರ್‌ವರೆಗೆ. ಅಲ್ಲಿಯ ಚಳಿಗಾಲ ನಮ್ಮ ಕರಾವಳಿಯ ಡಿಸೆಂಬರ್‌ನಂತೆ ಹಿತ. ಬಾಳೆ ಬೇಕಾದರೆ ಇನ್ನೂ ಉತ್ತರಕ್ಕೆ ಟಲಿ, ಇನಿಸ್‌ಫೇಲ್. ಅಲ್ಲಿ ವರ್ಷವಿಡೀ ಕೆಲಸ ಇರುತ್ತದೆ. ಹೊಲದಲ್ಲಿ ಗೊನೆ ಹೊರುವುದು ಬಲು ಭಾರದ ಕೆಲಸ, 50 ಕೆ.ಜಿ. ದಾಟಿದ ಗೊನೆಗಳೂ ಬರುತ್ತವೆ. ಬೆನ್ನು ಗಟ್ಟಿಯಿಲ್ಲದವರು ಶೆಡ್‌ನಲ್ಲಿ ಚಿಪ್ಪು ಬಿಡಿಸಿ, ತೊಳೆದು, ಪೆಟ್ಟಿಗೆ ತುಂಬುವ ಕೆಲಸ ಕೇಳಿ.

ಬಾಳೆ ತೋಟದ ಗೇಟಿನಲ್ಲಿ ಬೂಟು ತೊಳೆಸುತ್ತಾರೆ, ಹೊರಗಿನ ಕಾರನ್ನು ಒಳಗೆ ಬಿಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. 2015ರಲ್ಲಿ ಟಲಿಯಲ್ಲಿ ಪನಾಮ ಸೊರಗು ರೋಗದ ಟಿಆರ್4 ತಳಿ ಕಾಣಿಸಿತು, ಅದು ಹರಡುವುದು ಮಣ್ಣಿನ ಮೂಲಕ. ನಂಜನಗೂಡು ರಸಬಾಳೆಯನ್ನು ಮೂಲೆಗೆ ತಳ್ಳಿದ್ದೂ ಪನಾಮ ಸೊರಗೇ. ಅದನ್ನು ನೆನಪಿಟ್ಟುಕೊಂಡವರು ಬೂಟನ್ನು ಮನಸ್ಸಿಟ್ಟು ತೊಳೆಯುತ್ತಾರೆ.

ಕೆಲಸ ಹುಡುಕಲು ಸರ್ಕಾರದ ಹಾರ್ವೆಸ್ಟ್ ಟ್ರೇಲ್ ಸೇವೆಗೆ ಫೋನ್ ಮಾಡಿ: 1800 062 332. ಉಚಿತ. ಕೆಲಸ ಕೊಡಿಸಲು ದುಡ್ಡು ಕೇಳುವವರನ್ನು ಅಲ್ಲೇ ಬಿಟ್ಟುಬಿಡಿ. ಬಕೆಟ್ ಲೆಕ್ಕದ ಕೂಲಿಯಾದರೂ 2022ರ ಏಪ್ರಿಲ್‌ನಿಂದ ಗಂಟೆಗೆ ಕನಿಷ್ಠ ವೇತನದ ಖಾತರಿ ಇದೆ. ಕಡಿಮೆ ಕೊಟ್ಟರೆ ಕೂಲಿ ದೂರು ನೋಡುವ ಸರ್ಕಾರಿ ಕಚೇರಿ ಫೇರ್ ವರ್ಕ್‌ಗೆ ಹೇಳಿ: 13 13 94. ತೆರಿಗೆ 45,000 ಡಾಲರ್‌ವರೆಗೆ 15%. ಮಾಲೀಕ ಈ ವೀಸಾದವರಿಗಾಗಿ ನೋಂದಾಯಿಸಿಕೊಂಡಿಲ್ಲದಿದ್ದರೆ 30% ಕಡಿಯುತ್ತಾನೆ, ಸೇರುವಾಗಲೇ ಕೇಳಿ. ಸೂಪರ್ ನಿಧಿಯನ್ನು (ಮಾಲೀಕ ಕಟ್ಟುವ ನಿವೃತ್ತಿ ನಿಧಿ, ನಮ್ಮ ಪಿಎಫ್ ಇದ್ದಂತೆ) ಉಳಿತಾಯ ಎಂದು ನಂಬಬೇಡಿ, ದೇಶ ಬಿಟ್ಟು ತೆಗೆಯುವಾಗ 65% ತೆರಿಗೆ.

ಒಂದೇ ಕಾರು ಇರುವುದರಿಂದ ಇಬ್ಬರೂ ಒಂದೇ ತೋಟ, ಒಂದೇ ಪಾಳಿ ಕೇಳಿ. ಒಬ್ಬರಿಗೆ ಬೆಳಿಗ್ಗೆ 5:30ಕ್ಕೆ ಹೊಲ, ಇನ್ನೊಬ್ಬರಿಗೆ 8ಕ್ಕೆ ಬೇರೆ ಶೆಡ್ ಆದರೆ ಪೆಟ್ರೋಲೂ ಹೋಯಿತು, ನಿದ್ದೆಯೂ ಹೋಯಿತು.

ಗೇರುಪೆಟ್ಟಿಗೆ:

ಕಾರಿನ ಬಗ್ಗೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ನೋಂದಣಿ ಇರುವ ಕಾರು ಮಾರುವವನೇ ಸುರಕ್ಷತಾ ಪ್ರಮಾಣಪತ್ರ ಕೊಡಬೇಕು. ಖಾಸಗಿ ಮಾರಾಟದಲ್ಲಿ ಅದರ ಆಯುಷ್ಯ 2 ತಿಂಗಳು ಅಥವಾ 2,000 ಕಿ.ಮೀ., ಯಾವುದು ಮೊದಲೋ ಅದು. 'ಪ್ರಮಾಣಪತ್ರ ನೀನೇ ಮಾಡಿಸಿಕೊ, 500 ಕಡಿಮೆ ಮಾಡ್ತೀನಿ' ಎಂದರೆ ವ್ಯಾಪಾರ ಬೇಡ. ಚಾಸಿ ನಂಬರ್ ಹಾಕಿ ಪಿಪಿಎಸ್‌ಆರ್‌ನಲ್ಲಿ (ವಾಹನದ ಮೇಲಿನ ಸಾಲ ದಾಖಲಿಸುವ ರಾಷ್ಟ್ರೀಯ ದಾಖಲೆ) ನೋಡಿ, ಸರ್ಕಾರಿ ತಾಣದಲ್ಲಿ 2 ಡಾಲರ್. ಸಾಲ ಬಾಕಿ, ಕಳವು, ಅಪಘಾತಕ್ಕೆ ಗುಜರಿಯಾದದ್ದು ಗೊತ್ತಾಗುತ್ತದೆ. ಹೆಸರು ಬದಲಾವಣೆ 14 ದಿನದೊಳಗೆ, 4 ಸಿಲಿಂಡರ್ ಕಾರಿಗೆ ಬೆಲೆಯ 3% ಮುದ್ರಾಂಕ ಶುಲ್ಕ.

ಈ ಕರಾವಳಿಯ ಹಳೇ ಗಾಡಿಗಳ ಶತ್ರು ಉಪ್ಪು. ಕ್ಗಾರಿ ದ್ವೀಪದ (ಹಿಂದಿನ ಫ್ರೇಸರ್ ದ್ವೀಪ) ಮರಳಲ್ಲಿ ಓಡಾಡಿದ ಫೋರ್‌ವೀಲ್‌ಗಳು ಮೇಲೆ ಪಾಲಿಶ್ ಹೊಡೆದು ಮಿಂಚುತ್ತವೆ, ಕೆಳಗೆ ಚಾಸಿ ಒಳಗಿನಿಂದ ತಿಂದುಹೋಗಿರುತ್ತದೆ. ಟಾರ್ಚ್ ಹಿಡಿದು ಅಡಿಗೆ ಮಲಗಿ ನೋಡಿ. ಚಾಸಿಯ ಉದ್ದ ತೊಲೆಗಳ ತೂತುಗಳಲ್ಲಿ ಮರಳು, ಬ್ರೇಕ್ ಪೈಪ್‌ನಲ್ಲಿ ಪೊರೆ ಏಳುವ ತುಕ್ಕು ಕಂಡರೆ ಬಿಟ್ಟುಬನ್ನಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಆಯಿಲ್ ಮುಚ್ಚಳದಡಿ ಮಜ್ಜಿಗೆಯಂಥ ನೊರೆಯಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ ರಸೀದಿ ಕೇಳಿ.

ರೆಜೊ (ವಾಹನ ನೋಂದಣಿ) ಜೊತೆ ಬರುವ ಕಡ್ಡಾಯ ಸಿಟಿಪಿ ವಿಮೆ ಜನರಿಗಾದ ಗಾಯಕ್ಕೆ ಮಾತ್ರ. ನೀವು ಬೇರೆಯವರ ದುಬಾರಿ ಕಾರಿಗೆ ಗುದ್ದಿದರೆ ಇಡೀ ವರ್ಷದ ದುಡಿಮೆ ಹೋಗಬಹುದು, ಥರ್ಡ್ ಪಾರ್ಟಿ ಪ್ರಾಪರ್ಟಿ ವಿಮೆ ಕಡ್ಡಾಯ ಎಂದೇ ತಿಳಿಯಿರಿ. ಇಬ್ಬರ ಹೆಸರೂ ಚಾಲಕರೆಂದು ಇರಲಿ. ಎಡಬದಿಯ ಸಂಚಾರವೇ ಆದ್ದರಿಂದ ನಮಗೆ ಸುಲಭ, ಆದರೆ ಕ್ಯಾಮೆರಾಗಳು ಬಿಡುವುದಿಲ್ಲ. ಓಡಿಸುವಾಗ ಫೋನ್ ಹಿಡಿದರೆ ದಂಡ 1,000 ಡಾಲರ್ ಮೀರುತ್ತದೆ. ಪಕ್ಕದವರು ಬೆಲ್ಟನ್ನು ತೋಳಿನಡಿ ಸಿಕ್ಕಿಸಿ ಮಲಗಿದ್ದರೆ ಚಾಲಕರಿಗೂ ದಂಡ.

ಮುಂಗಾರು_ಜೋಡಿ:

ಕಾರಲ್ಲೇ ಮಲಗಬಹುದಾ? ನವೆಂಬರ್ ನಂತರವೂ ಉತ್ತರದಲ್ಲೇ ಉಳಿದರೆ ತೊಂದರೆಯೇ?

ಉಪ್ಪುನೀರು:

ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಬೇರೆ ಫಲಕ ಇಲ್ಲದಿದ್ದರೆ 20 ಗಂಟೆವರೆಗೆ ತಂಗಬಹುದು. ಬೀಚ್ ಪಕ್ಕದ ಪಾರ್ಕಿಂಗ್‌ನಲ್ಲಿ ಮಲಗಿದರೆ ಕೌನ್ಸಿಲ್‌ನವರು ದಂಡ ಹಾಕುತ್ತಾರೆ. ಕೆಲಸದ ತಿಂಗಳುಗಳಲ್ಲಿ ಕ್ಯಾರವಾನ್ ಪಾರ್ಕ್‌ನಲ್ಲಿ ವಾರದ ಬಾಡಿಗೆಗೆ ಜಾಗ ಹಿಡಿಯಿರಿ, ಸ್ನಾನ, ಅಡುಗೆ, ಬಟ್ಟೆ ಒಗೆಯುವುದು ಇಲ್ಲದೆ ತೋಟದ ಕೆಲಸ ಹೆಚ್ಚು ದಿನ ನಡೆಯದು.

ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ. ಬ್ರೂಸ್ ಹೆದ್ದಾರಿ ನೆರೆಗೆ ದಿನಗಟ್ಟಲೆ ಮುಚ್ಚುವುದುಂಟು. 10 ಲೀಟರ್ ಕುಡಿಯುವ ನೀರು, ಮೂರು ದಿನದ ಊಟ, ಅರ್ಧಕ್ಕಿಂತ ಕೆಳಗಿಳಿಯದ ಟ್ಯಾಂಕ್ ಇರಲಿ. ಹೊರಡುವ ಮುನ್ನ ರಸ್ತೆ ಸ್ಥಿತಿಗೆ 13 19 40. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ತೆಳುವಾಗಿ ಕಂಡರೂ ಇಳಿಸಬೇಡಿ, ಕೆಳಗಿನ ಡಾಂಬರು ಕೊಚ್ಚಿಹೋಗಿದ್ದರೆ ಮೇಲಿನಿಂದ ತಿಳಿಯದು.

ನವೆಂಬರ್‌ನಿಂದ ಮೇವರೆಗೆ ಉತ್ತರದ ಕಡಲಲ್ಲಿ ವಿಷದ ಅಂಬಲಿಮೀನು (ಜೆಲ್ಲಿಫಿಶ್). ಬಲೆ ಕಟ್ಟಿದ ಜಾಗದಲ್ಲೂ ಮೈ ಮುಚ್ಚುವ ಸ್ಟಿಂಗರ್ ಸೂಟ್ ಹಾಕಿಯೇ ಇಳಿಯಿರಿ. ಕುಟುಕಿದರೆ ಉಜ್ಜಬೇಡಿ, ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿದು ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಡಿಕ್ಕಿಯಲ್ಲಿ 2 ಲೀಟರ್ ವಿನೆಗರ್ ಇಟ್ಟುಕೊಳ್ಳುವುದು ಕೆಲವೇ ಡಾಲರ್ ಖರ್ಚು. ಗ್ಲ್ಯಾಡ್‌ಸ್ಟೋನ್‌ನ ದಕ್ಷಿಣಕ್ಕಿರುವ ಬಾಯ್ನ್ ನದಿಯಿಂದ ಮೇಲಕ್ಕೆ ಮೊಸಳೆ ಸೀಮೆ: ನದಿ, ಅಳಿವೆ ಅಂಚಿನಿಂದ 5 ಮೀಟರ್ ದೂರ, ಡೇರೆಯಾದರೆ 50 ಮೀಟರ್. ಮೀನು ತೊಳೆದ ನೀರನ್ನು ಬಿಡಾರದ ಹತ್ತಿರ ಚೆಲ್ಲಬೇಡಿ.

ಭಾರತೀಯರಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ಇಲ್ಲ, ಆಂಬುಲೆನ್ಸ್ ಬಿಲ್ಲೂ ನಿಮ್ಮದೇ. ತೋಟದ ಕೆಲಸ ಮತ್ತು ಆಂಬುಲೆನ್ಸ್ ಎರಡೂ ಒಳಗೊಂಡ ಆರೋಗ್ಯ ವಿಮೆ ಮಾಡಿಸಿ. ಸಂಜೆಗತ್ತಲಲ್ಲಿ ವಾಲಬಿಗಳು (ಸಣ್ಣ ಕಾಂಗರೂ) ರಸ್ತೆಗೆ ಹಾರುತ್ತವೆ, ಜೂನ್‌ನಿಂದ ಕಬ್ಬಿನ ರೈಲುಗಳು ರಾತ್ರಿಯೂ ರಸ್ತೆ ದಾಟುತ್ತವೆ. ದಿನಕ್ಕೆ 300 ಕಿ.ಮೀ. ಸಾಕು, ಸಂಜೆ 5ರೊಳಗೆ ನಿಲ್ಲಿಸಿ.