ಹಿತ್ತಿಲು ತುಂಬಾ ಕಳೆಗಿಡ, ಕಿತ್ತಷ್ಟೂ ಬರುತ್ತಿದೆ. ಅನುಭವ ಇದ್ದವರು ಹೇಳಿ

ಕೇಳಿದವರು:
ನಾವು ಕೊಂಡ ಮನೆಯ ಹಿತ್ತಿಲು ಕೆಲವು ವರ್ಷ ಪಾಳು ಬಿದ್ದಿತ್ತು. ಈಗ ಒಂದು ಮೂಲೆಯಲ್ಲಿ ಪಾರ್ಥೇನಿಯಂ, ಬೇಲಿ ಉದ್ದಕ್ಕೂ ಲಂಟಾನ, ಗೋಡೆ ಬುಡದಲ್ಲಿ ಹಳದಿ ಹೂವಿನ ವೆಡೇಲಿಯಾ. ಎಷ್ಟು ಕಿತ್ತರೂ ಮತ್ತೆ ಬರುತ್ತಿವೆ. ಮನೆಯಲ್ಲಿ ಸಣ್ಣ ಮಗು ಇದೆ, ನಾಯಿ ಇದೆ. ಔಷಧಿ ಹೊಡೆಯಲು ಭಯ. ಏನು ಮಾಡಿದರೆ ಒಳ್ಳೆಯದು?

ಮೊದಲ ಉತ್ತರ:
ಮೂರಕ್ಕೂ ಒಂದೇ ಮದ್ದು ನಡೆಯಲ್ಲ. ಯಾವ ಗಿಡ ಎಲ್ಲಿಂದ ಮತ್ತೆ ಹುಟ್ಟುತ್ತದೆ ಅಂತ ಮೊದಲು ನೋಡಿ. ಪಾರ್ಥೇನಿಯಂ ಬರುವುದು ಬೀಜದಿಂದ. ಲಂಟಾನ ಕಡಿದ ಬುಡದಿಂದ ಚಿಗುರುತ್ತದೆ, ಬೀಜದಿಂದಲೂ ಬರುತ್ತದೆ. ವೆಡೇಲಿಯಾಗೆ ಒಂದು ಗೆಣ್ಣು ಉಳಿದರೂ ಸಾಕು.

ಪಾರ್ಥೇನಿಯಂನಿಂದಲೇ ಶುರು ಮಾಡಿ, ಅದಕ್ಕೆ ಕಾಯುವ ಹಾಗಿಲ್ಲ. ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಮೊಳೆತು ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು. ಹಾಗಾಗಿ ಕೀಳುವುದೇನಿದ್ದರೂ ಬಿಳಿ ಹೂ ಕಾಣುವ ಮೊದಲೇ. ಎಳೆಯದರಲ್ಲಿ ಎಲೆಗಳು ಕ್ಯಾರೆಟ್ ಸೊಪ್ಪಿನ ಹಾಗೆ ಸೀಳುಸೀಳಾಗಿ ನೆಲಕ್ಕೆ ಅಂಟಿಕೊಂಡಿರುತ್ತವೆ, ನಡುವೆ ಕಾಂಡ ಎದ್ದಿರುವುದಿಲ್ಲ. ಮಳೆ ಬಂದ ಮಾರನೇ ದಿನ, ಇಲ್ಲವೇ ನೆಲ ನೆನೆಸಿ, ಬುಡ ಹಿಡಿದು ಎಳೆದರೆ ತಾಯಿಬೇರಿನ ಸಮೇತ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ಕುತ್ತಿಗೆ ಮುರಿಯುತ್ತದೆ, ಆಮೇಲೆ ಅಲ್ಲಿಂದಲೇ ಚಿಗುರುತ್ತದೆ.

ಬರಿಗೈಯಲ್ಲಿ ಮಾತ್ರ ಮುಟ್ಟಲೇಬೇಡಿ. ಇದರಿಂದ ಚರ್ಮದ ತುರಿಕೆ, ಸೀನು, ಉಬ್ಬಸ ಬರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್ ಇರಲಿ. ಮೊದಲೇ ಅಲರ್ಜಿ ಇದ್ದವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು. ಮಗು, ನಾಯಿ ಎರಡನ್ನೂ ಅವತ್ತು ಒಳಗೇ ಇಟ್ಟುಕೊಳ್ಳಿ.

ಇನ್ನೊಬ್ಬರು:
ಲಂಟಾನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಬೇಲಿಯಲ್ಲೂ ಇದೇ ಇತ್ತು. ಮೇಲೆ ಮೇಲೆ ಸವರಿದರೆ ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಕತ್ತಿ ಹಾಕುವ ಮೊದಲು ಕೋಲಿನಿಂದ ಪೊದೆ ಬಡಿಯಿರಿ, ಒಳಗೆ ಹಾವು ಇರಬಹುದು. ಹಕ್ಕಿ ಗೂಡು ಇದ್ದರೆ ಮರಿ ಹಾರಿಹೋಗುವ ತನಕ ಬಿಟ್ಟುಬಿಡಿ, ಪಾಪ.

ಮೊದಲು ಕೊಂಬೆ ಇಳಿಸಿ, ಹಿಡಿಯಲು ಸಿಗುವಷ್ಟು ಬುಡ ಬಿಡಿ. ಆಮೇಲೆ ಬುಡದ ಸುತ್ತ ಮಣ್ಣು ಬಿಡಿಸಿ. ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಕೈಗೆ ಸಿಗುತ್ತದೆ. ಹೊಸ ಚಿಗುರೆಲ್ಲ ಹುಟ್ಟುವುದು ಆ ಭಾಗದಿಂದಲೇ. ಅದಕ್ಕಿಂತ ಕೆಳಗೆ, ಸುಮಾರು ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ, ಪಿಕಾಸಿಯಿಂದ ಬೇರು ಕಡಿದು ಬುಡವನ್ನು ಮೇಲೆತ್ತಿ. ಎತ್ತಿದ್ದನ್ನು ಬೇರು ಆಕಾಶಕ್ಕೆ ಮುಖ ಮಾಡಿರುವಂತೆ ತಲೆಕೆಳಗಾಗಿ ಇಡಿ. ಒಣಗುತ್ತದೆ, ಮತ್ತೆ ನಾಟಿಕೊಳ್ಳುವುದಿಲ್ಲ.

ಕಾಯಿ ಹಣ್ಣಾಗುವ ಮೊದಲೇ ಮುಗಿಸಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ, ಯಾಕೆಂದರೆ ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಅವು ಕೂರುವ ಮರದ ಕೆಳಗೆ, ತಂತಿಯ ಕೆಳಗೆ ಆಗಾಗ ನೋಡುತ್ತಿರಿ, ಸಸಿ ಅಲ್ಲೇ ಏಳುವುದು. ಹಸಿರು ಕಾಯಿ ವಿಷ, ಮಗುವಿನ ಕೈಗೆ ಸಿಗದಿರಲಿ.

ಮತ್ತೊಬ್ಬರು:
ವೆಡೇಲಿಯಾಗೆ ದಯವಿಟ್ಟು ಹುಲ್ಲು ಕತ್ತರಿಸುವ ಯಂತ್ರ ಹಾಕಿಸಬೇಡಿ. ತುಂಡುತುಂಡಾಗಿ ಚೆಲ್ಲಿ, ಬಿದ್ದಲ್ಲೆಲ್ಲ ಬೇರು ಬಿಡುತ್ತದೆ. ಒಂದು ಅಂಚಿನಿಂದ ಬಿಡಿಸುತ್ತಾ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬನ್ನಿ. ಆಮೇಲೆ ಆ ಜಾಗಕ್ಕೆ ದಪ್ಪ ರಟ್ಟು ಹಾಸಿ. ಒಂದರ ಅಂಚು ಇನ್ನೊಂದರ ಮೇಲೆ ಕೂರಬೇಕು, ಸಂದು ಇದ್ದರೆ ಅಲ್ಲೇ ತಲೆ ಎತ್ತುತ್ತದೆ. ಮೇಲೆ ನೀರು ಚಿಮುಕಿಸಿ ತರಗೆಲೆ ಮುಚ್ಚಿ. ಬೆಳಕಿಲ್ಲದೆ ಉಳಿದ ಬೇರು ಸೊರಗುತ್ತದೆ. ಗೋಡೆ ಬುಡದ ಸಂದಿಗೆ ಮಾತ್ರ ಕೈಯೇ ಗತಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಕಿತ್ತಿದ್ದನ್ನು ಎಲ್ಲಿ ಹಾಕಲಿ? ಪಕ್ಕದಲ್ಲಿ ಖಾಲಿ ಸೈಟ್ ಇದೆ. ಉಪ್ಪುನೀರು ಹೊಡೆದರೆ ಸಾಯುತ್ತದೆ ಅಂತಲೂ ಒಬ್ಬರು ಹೇಳಿದರು.

ಮೊದಲ ಉತ್ತರ ಕೊಟ್ಟವರು:
ಖಾಲಿ ಸೈಟಿಗೆ ಹಾಕಿದರೆ ಮುಂದಿನ ಮಳೆಗೆ ನಿಮ್ಮ ಮನೆಗೇ ವಾಪಸ್. ಹೂ ಬಾರದ ಪಾರ್ಥೇನಿಯಂ ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಹೂ, ಬೀಜ ಇದ್ದದ್ದನ್ನು ಮತ್ತು ವೆಡೇಲಿಯಾ ಬಳ್ಳಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಪೂರ್ತಿ ಕೊಳೆಯುವ ತನಕ ಬಿಸಿಲಿಗೆ ಇಡಿ.

ಉಪ್ಪುನೀರಿಗೆ ಪಾರ್ಥೇನಿಯಂ ಬಾಡುವುದು ನಿಜ. ಆದರೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ, ಆಮೇಲೆ ನೀವು ನೆಟ್ಟದ್ದೂ ಏಳುವುದಿಲ್ಲ. ಹಿತ್ತಿಲಿಗೆ ಅದು ಬೇಡ. ವಿನೆಗರ್ ಎಲೆ ಸುಡುತ್ತದೆ ಅಷ್ಟೇ, ಬೇರಿಗೆ ಮುಟ್ಟಲ್ಲ.

ಇನ್ನೊಬ್ಬರು:
ಕಳೆನಾಶಕದ ಬಗ್ಗೆಯೂ ಒಂದು ಮಾತು. ಗ್ಲೈಫೊಸೇಟ್ ಹಸಿರೆಲೆಯಿಂದ ಬೇರಿಗೆ ಇಳಿದು ಗಿಡ ಕೊಲ್ಲುತ್ತದೆ, ಆದರೆ ಮಣ್ಣಿನಲ್ಲಿರುವ ಬೀಜಕ್ಕೆ ಏನೂ ಮಾಡಲ್ಲ. ಗಾಳಿಗೆ ಹಾರಿದರೆ ಪಕ್ಕದ ಒಳ್ಳೆ ಗಿಡವೂ ಹೋಗುತ್ತದೆ. ಮಗು ಇರುವ ಮನೆಯಲ್ಲಿ ನಾನಂತೂ ಸಿಂಪಡಿಸಲ್ಲ. ಅಗೆಯಲಾಗದ ಹಳೇ ಲಂಟಾನ ಬುಡ ಗೋಡೆಗೆ ಸಿಕ್ಕಿಕೊಂಡಿದ್ದರೆ, ಕತ್ತರಿಸಿದ ತಕ್ಷಣ ಹಸಿ ಗಾಯದ ಮೇಲೆ ಬ್ರಷ್‌ನಿಂದ ಹಚ್ಚುವ ಪದ್ಧತಿ ಇದೆ. ಅದನ್ನೂ ನಿಮ್ಮಲ್ಲಿನ ನಿಯಮ ನೋಡಿ, ತಿಳಿದವರ ಕೈಲಿ ಮಾಡಿಸಿ.

ಮತ್ತೊಬ್ಬರು:
ಕಿತ್ತ ಮೇಲೆ ನೆಲ ಬರಿದಾಗಿ ಬಿಡಬೇಡಿ, ಎಲ್ಲರೂ ಸೋಲುವುದು ಇಲ್ಲೇ. ಒಮ್ಮೆ ನೀರು ಹಾಯಿಸಿ, ಅಡಗಿದ್ದ ಬೀಜ ಮೊಳೆಯಲು ಬಿಡಿ. ಮೊಳೆತದ್ದನ್ನು ಎಳೆಯದರಲ್ಲೇ ಮೇಲೆಮೇಲೆ ಕೆರೆದು ತೆಗೆಯಿರಿ. ಆಳವಾಗಿ ಅಗೆದರೆ ಕೆಳಗಿನ ಬೀಜವೂ ಮೇಲೆ ಬರುತ್ತದೆ. ಆಮೇಲೆ ಅಲಸಂದೆಯಂಥ ನೆಲ ಮುಚ್ಚುವ ಬೆಳೆ ಹಾಕಿ. ಪಾರ್ಥೇನಿಯಂ ಜಾಗಕ್ಕೆ ತಗಚೆ ಒಳ್ಳೆಯದು, ಅದು ದಟ್ಟವಾಗಿ ಎದ್ದು ಪಾರ್ಥೇನಿಯಂ ಅನ್ನು ಅದುಮುತ್ತದೆ.

ಪಕ್ಕದ ಸೈಟಿನವರನ್ನೂ ಒಮ್ಮೆ ಮಾತಾಡಿಸಿ. ಹೂ ಬರುವ ಮೊದಲು ನಾವೇ ಕಿತ್ತುಕೊಡುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ. ಹೊರಗಿನಿಂದ ಮಣ್ಣು, ಗೊಬ್ಬರ ತರಿಸಿದರೆ ಸ್ವಲ್ಪ ದಿನ ಒಂದು ಕಡೆ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಏನು ಮೊಳೆಯುತ್ತದೆ ನೋಡಿ. ಜೇಕು ಅನ್ನುವ ಕಳೆಯ ಗಡ್ಡೆ ಹಿತ್ತಿಲಿಗೆ ಬರುವುದು ಹೆಚ್ಚಾಗಿ ಆ ದಾರಿಯಲ್ಲೇ.